ತಾಯಿಗೂ ಎನ್‌ಒಸಿ ಬೇಕೇ?

ಮಾನ್ಯ ಚುನಾವಣಾಧಿಕಾರಿಗಳೇ,

ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲಿ ಪೋಷಕರಿಗೆಂದು ಇರುವ ಒಂದೇ ಒಂದು ಸ್ಥಾನಕ್ಕೆ ನಾನು ಸಲ್ಲಿಸಿದ ನಾಮಪತ್ರವನ್ನು ತಾವು ಹಿಂತಿರುಗಿಸಿದ್ದೀರಿ. ಕಾರಣ, ಮೂರನೆಯ ತರಗತಿಯ ಸಮೀಕ್ಷಾಳ ಪೋಷಕರೆಂದು ದಾಖಲೆಯಲ್ಲಿರುವುದು ಅವಳ ಅಪ್ಪ ತಿಲಕ್ ಮಾತ್ರ. ನಾನು ಅವರ ವೀಸಾದ ಆಶ್ರಯದಲ್ಲಿ ದುಬೈಯಲ್ಲಿರುವವಳು. ಆದ್ದರಿಂದ ಸ್ಪರ್ಧಿಸಬೇಕಾದರೆ ಗಂಡನಿಂದ ಎನ್‌ಒಸಿ, ಅಂದರೆ ಅವರ ಆಕ್ಷೇಪಣೆ ಏನೂ ಇಲ್ಲವೆಂಬ ಪತ್ರ, ತರಬೇಕಂತೆ. ಇಂಗ್ಲಿಷಿನಲ್ಲಿ ಮೂರು ಇಮೇಲ್ ಕಳಿಸಿದೆ. ಮೂರಕ್ಕೂ ಅದೇ ಒಂದು ಸಾಲಿನ ಉತ್ತರ ಬಂತು. ಸಿಟ್ಟು ನನಗೆ ಕನ್ನಡದಲ್ಲೇ ಚೆನ್ನಾಗಿ ಬರುವುದರಿಂದ ಇದನ್ನು ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕೊಟ್ಟಿದ್ದೇನೆ. ಮಂಡಳಿಯಲ್ಲಿ ಕನ್ನಡ ಬಲ್ಲವರು ಇಬ್ಬರಿದ್ದಾರೆ, ಓದಿ ಹೇಳುತ್ತಾರೆ.

ನಾನೇಕೆ ಸ್ಪರ್ಧೆಗೆ ಇಳಿದೆ ಎಂದು ತಾವು ಕೇಳಲಿಲ್ಲ. ಆದರೂ ಹೇಳುತ್ತೇನೆ. ಕಳೆದ ಫೆಬ್ರವರಿಯಲ್ಲಿ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಸಮೀಕ್ಷಾಳಿಗೆ ಶಾಲೆಯಲ್ಲಿ ಜ್ವರ ಏರಿತು, ನೂರಾ ಎರಡು ಡಿಗ್ರಿ. ದಾಖಲೆಯಲ್ಲಿದ್ದ ನಂಬರಿಗೆ ಆರು ಸಲ ಫೋನ್ ಮಾಡಿದರಂತೆ. ಆ ನಂಬರಿನವರು ಅಬುಧಾಬಿಯಿಂದಾಚೆ, ಸಮುದ್ರದ ನಡುವಿನ ತೈಲ ಸ್ಥಾವರದಲ್ಲಿ ದುಡಿಯುತ್ತಿದ್ದರು. ಡ್ಯೂಟಿಯ ಹೊತ್ತಿನಲ್ಲಿ ಅಲ್ಲಿ ಫೋನ್ ಲಾಕರಿನಲ್ಲಿರಬೇಕು. ಪೋಷಕರ ಒಪ್ಪಿಗೆಯಿಲ್ಲದೆ ಮಾತ್ರೆ ಕೊಡುವಂತಿಲ್ಲವೆಂದು ನರ್ಸ್ ಒದ್ದೆ ಬಟ್ಟೆ ಇಟ್ಟು ಕೂತರು. ನಾನು ಅಲ್ ನಹ್ದಾದ ನಮ್ಮ ಫ್ಲ್ಯಾಟಿನಲ್ಲಿ, ಶಾಲೆಯಿಂದ ಏಳು ನಿಮಿಷದ ದೂರದಲ್ಲಿ, ಬಟ್ಟೆ ಮಡಚುತ್ತಿದ್ದೆ. ಎರಡು ಗಂಟೆಗೆ ಎಂದಿನಂತೆ ಗೇಟಿಗೆ ಹೋದರೆ ನರ್ಸ್ ಮಗುವನ್ನು ಎತ್ತಿಕೊಂಡು ಬಂದರು. "ಅಮ್ಮ, ಐ ಟೋಲ್ಡ್ ದೆಮ್ ಯು ಆರ್ ಅಟ್ ಹೋಮ್" ಎಂದಳು. ನಾಲ್ಕು ಗಂಟೆ ಅವಳು ಹಾಗೇ ಕಾದಿದ್ದಳು.

ತಪ್ಪು ನನ್ನದೂ ಇದೆ. ಮಗಳನ್ನು ಶಾಲೆಗೆ ಸೇರಿಸುವಾಗ ಫಾರಂನಲ್ಲಿ ತಾಯಿಯ ಫೋನ್ ಎಂಬ ಜಾಗದಲ್ಲೂ ತಿಲಕ್ ನಂಬರನ್ನೇ ಬರೆದವಳು ನಾನು. ಇಲ್ಲಿ ನಮ್ಮಂಥವರಿಗೆ ಅದು ಕೈಗೆ ಅಂಟಿದ ಅಭ್ಯಾಸ. ಮನೆ, ಕರೆಂಟು, ಆಸ್ಪತ್ರೆ, ಎಲ್ಲದರ ಒಟಿಪಿಯೂ ವೀಸಾಕ್ಕೆ ಹೊಣೆ ನಿಂತ ಸ್ಪಾನ್ಸರ್ ಆದ ಗಂಡನ ಫೋನಿಗೇ ಬರುವಾಗ ಹೆಂಡತಿಯ ನಂಬರು ಯಾತಕ್ಕೆ ಅನ್ನಿಸಿತ್ತು. ಮಗುವಿಗೆ ಜ್ವರ ಬಿಟ್ಟ ಮರುದಿನವೇ ತಿದ್ದಿಸಲು ಓಡಿದೆ. ಶಾಲಾ ಕಚೇರಿಯ ವೆಲಿಟಾ ನಮ್ಮ ಮಂಗಳೂರಿನವರೇ. "ನಾನು ಎಂತ ಮಾಡ್ಲಿ ಸುಪ್ರೀತಾ? ನಂಬರ್ ಚೇಂಜ್ ಮಾಡ್ಲಿಕ್ಕೆ ಸಹ ಒಟಿಪಿ ಅವರ ಫೋನಿಗೇ ಹೋಗುದು. ಅವರು ಬರ್ಲಿ" ಎಂದರು, ಪಾಪ. ಸಂಜೆ ತಿಲಕ್ ಕೈಗೆ ಫೋನ್ ಸಿಗುವ ಹೊತ್ತಿಗೆ ಕಚೇರಿಗೆ ಬೀಗ. ಅವರು ದಡಕ್ಕೆ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟೂ ದಿನ, ಮತ್ತೆ ಏನಾದರೂ ಆದೀತೆಂದು, ನಾನು ಶಾಲೆಯ ಎದುರಿನ ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ ಕೂತು ಕಾದೆ. ಕೊನೆಗೆ ನನ್ನ ನಂಬರೇನೋ ದಾಖಲೆಗೆ ಸೇರಿತು, 'ಇತರೆ' ಎಂಬ ಕಾಲಂನಲ್ಲಿ.

ಉಳಿದ ಅಭ್ಯರ್ಥಿಗಳ ಪ್ರಣಾಳಿಕೆ ಓದಿದೆ. ರೋಬೋಟಿಕ್ಸ್ ಲ್ಯಾಬ್, ಈಜುಕೊಳ, ಗೋಡೆಯಷ್ಟು ದೊಡ್ಡ ಪರದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನನ್ನದು ಅರ್ಧ ಪುಟ. ಪ್ರತಿ ಮಗುವಿನ ದಾಖಲೆಯಲ್ಲಿ ತಂದೆ ತಾಯಿ ಇಬ್ಬರೂ ಪೋಷಕರಾಗಿರಲಿ, ತಿದ್ದಲು ಇಬ್ಬರಲ್ಲಿ ಒಬ್ಬರ ಸಹಿ ಸಾಕಾಗಲಿ, ಮಕ್ಕಳಿಗೆ ಊಟಕ್ಕೆ ಹದಿನೈದರ ಬದಲು ಮೂವತ್ತು ನಿಮಿಷ ಸಿಗಲಿ. ಇಷ್ಟಕ್ಕೆ ತಾವು ಇಷ್ಟು ಹೆದರಬೇಕೇ? ಫುಡ್ ಫೆಸ್ಟಿವಲ್ಲಿಗೆ ನೂರೈವತ್ತು ನೀರುದೋಸೆ ಹುಯ್ದು ಕೊಟ್ಟಾಗ, ವಾರ್ಷಿಕೋತ್ಸವಕ್ಕೆ ಇಪ್ಪತ್ತು ಮಕ್ಕಳಿಗೆ ಜಡೆ ಹೆಣೆದಾಗ ನನ್ನ ಬಳಿ ಯಾರೂ ಎನ್‌ಒಸಿ ಕೇಳಿರಲಿಲ್ಲ. ದೋಸೆಗೆ ಬೇಡವಾದ ಗಂಡನ ಅನುಮತಿ ಮಾತಿಗೆ ಯಾಕೆ ಬೇಕಾಯಿತು?

ಎನ್‌ಒಸಿ ತರುವುದು ಕಷ್ಟವೇನಲ್ಲ. ತಿಲಕ್ ವಿಷಯ ತಿಳಿದ ದಿನವೇ ಅದನ್ನು ಕಳಿಸಿ ಫೋನ್ ಮಾಡಿದರು. "ಅದನ್ನು ಟೈಪ್ ಮಾಡುವಾಗ ನಂಗೇ ನಾಚಿಕೆ ಆಯ್ತು ಮಾರಾಯ್ತಿ" ಎಂದರು. ಪಕ್ಕದ ಫ್ಲ್ಯಾಟಿನ ಭಟ್ಕಳದ ಝುಬೈದಾ, "ಒಂದು ಕಾಗದ ತಾನೆ, ಕೊಟ್ಟುಬಿಡಿ, ಖಲಾಸ್! ಗೆದ್ದ ಮೇಲೆ ಜಗಳ ಮಾಡಿ" ಎನ್ನುತ್ತಾರೆ. ಅವರ ಮಾತಿನಲ್ಲಿ ವಿವೇಕವಿದೆ. ಎರಡು ದಿನ ನಾನೂ ತೂಗಿ ನೋಡಿದೆ. ಆದರೆ ಇವತ್ತು ನಾನು ಕೊಟ್ಟರೆ ನಾಳೆ ಬರುವ ಪ್ರತಿಯೊಬ್ಬ ತಾಯಿಯೂ ಕೊಡಬೇಕು. ಗುರುವಾರ ಕೊನೆಯ ದಿನ. ಆ ಕಾಗದ ಇಲ್ಲದಿದ್ದರೆ ನಾಮಪತ್ರ ತಿರಸ್ಕೃತ ಎಂದು ಗೊತ್ತು. ಇನ್ನೊಂದು ವರ್ಷ ಇನ್ಯಾವುದೋ ಮಗು ಹಾಗೆ ಕಾಯಬೇಕಾದೀತು ಎಂಬ ಭಯವೂ ಇದೆ. ಆದರೂ ಸಲ್ಲಿಸುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ಗುರುವಾರದೊಳಗೆ ನನ್ನ ನಾಮಪತ್ರವನ್ನು ನನ್ನ ಒಬ್ಬಳ ಸಹಿಯ ಮೇಲೆ ಸ್ವೀಕರಿಸಿ. ಆಗದಿದ್ದರೆ 'ಸುಪ್ರೀತಾ ಎಂಬವರು ಸಮೀಕ್ಷಾಳ ಪೋಷಕಿ ಅಲ್ಲ' ಎಂದು ಶಾಲೆಯ ಲೆಟರ್‌ಹೆಡ್ಡಿನಲ್ಲಿ ಬರೆದು ಮೊಹರು ಒತ್ತಿ. ಆ ಪತ್ರವನ್ನು ನನಗೆ ಕೊಡಬೇಡಿ. ತಾವೇ ಮೂರನೆಯ ತರಗತಿಗೆ ಹೋಗಿ, ಕಿಟಕಿಯ ಪಕ್ಕದ ಎರಡನೆಯ ಬೆಂಚಿನಲ್ಲಿರುವ ಹುಡುಗಿಗೆ ಓದಿ ಹೇಳಿ.

ಇಂತಿ,
ಹೆತ್ತದ್ದೇ ಸಾಕೆಂದು ತಿಳಿದಿದ್ದ ದಡ್ಡಿ,
ಸುಪ್ರೀತಾ
ಅಲ್ ನಹ್ದಾ, ದುಬೈ