ಹದಿನಾಲ್ಕನೇ ಹಾಸಿಗೆಯ ಹಾಳೆ

ಅದಕ್ಕೇ ಹೇಳಿದ್ದು, ಮಾನ್ಯ ಅಧೀಕ್ಷಕರೇ, ಆ ದಾದಿಯನ್ನು ಕೆಲಸದಿಂದ ತೆಗೆಯಬೇಡಿ ಎಂದು. ನಿನ್ನೆ ತಮ್ಮ ಆಸ್ಪತ್ರೆಯ ಕಚೇರಿಯಲ್ಲಿ ನಾನು ಇಷ್ಟು ಹೇಳುವಷ್ಟರಲ್ಲಿ ತಾವು ಗಡಿಯಾರ ನೋಡಿದಿರಿ, ನಾನು ಎದ್ದೆ. ಉಳಿದದ್ದನ್ನು ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ, ಇಲ್ಲಿ ಗಡಿಯಾರವಿಲ್ಲ. ತಮ್ಮ ಕಂಪ್ಯೂಟರಿನಲ್ಲಿದ್ದ ಒಂದು ದೋಷ ನನ್ನ ಹೆಂಡತಿಯ ಪ್ರಾಣ ತೆಗೆಯಿತು. ಆ ದೋಷಕ್ಕೆ ಮದ್ದು ಅದಕ್ಕೂ ಏಳು ತಿಂಗಳ ಹಿಂದೆಯೇ ತಮ್ಮ ಕೈ ಸೇರಿತ್ತು. ಶಿಕ್ಷೆ ಮಾತ್ರ ಬರುವ ಸೋಮವಾರ, ದಾದಿಗೆ.

ನಡೆದದ್ದು ಇಷ್ಟು. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಗಿ ನನ್ನವಳು ಹದಿನಾಲ್ಕನೇ ಹಾಸಿಗೆಯಲ್ಲಿ ಮಲಗಿದ್ದಳು. ಒಂದು ಬಗೆಯ ಇಂಜೆಕ್ಷನ್ ಅವಳಿಗೆ ಒಗ್ಗುತ್ತಿರಲಿಲ್ಲ. ಆಸ್ಪತ್ರೆಗೆ ಸೇರುವಾಗ ತಾನೇ ಎರಡು ಸಲ ಹೇಳಿ ಬರೆಸಿದ್ದಳು. ಗುರುವಾರ ಮಧ್ಯಾಹ್ನ ದಾದಿ ಮುದ್ರಿಸಿ ತಂದ ಹಾಳೆಯಲ್ಲಿ ಮೇಲೆ ಅವಳದೇ ಹೆಸರು, ಅವಳದೇ ವಯಸ್ಸು. ನಾಲ್ಕನೇ ಸಾಲಿನಿಂದ ಕೆಳಗೆ ಒಂಬತ್ತನೇ ಹಾಸಿಗೆಯವರ ಔಷಧಗಳು. ‘ಒಗ್ಗದ ಔಷಧ’ ಎಂಬಲ್ಲಿ ‘ಯಾವುದೂ ಇಲ್ಲ’. ಇಂಜೆಕ್ಷನ್ ಕೊಟ್ಟ ಇಪ್ಪತ್ತು ನಿಮಿಷಕ್ಕೆ ಅವಳಿಲ್ಲ. ಮರುದಿನ ತಮ್ಮ ಕಂಪ್ಯೂಟರ್ ವಿಭಾಗದವರು ಹಳೆಯ ಪ್ರತಿಯಿಂದ ದಾಖಲೆಯನ್ನು ಸರಿಪಡಿಸಿದರು. ವಿಚಾರಣಾ ಸಮಿತಿ ಆ ಸರಿಯಾದ ದಾಖಲೆಯನ್ನು ನೋಡಿ, ದಾದಿಯೇ ತಪ್ಪು ಓದಿದ್ದಾಳೆ ಎಂದು ಬರೆಯಿತು. ಎಂಥ ಅಚ್ಚುಕಟ್ಟು. ನೆಲ ಒರೆಸಿ ಮುಗಿಸಿ, ಜಾರಿಬಿದ್ದವರನ್ನು ಕರೆದು ನೀರೆಲ್ಲಿದೆ ತೋರಿಸು ಎಂದ ಹಾಗೆ.

ಹಾಸಿಗೆಯ ಪಕ್ಕ ಬಿದ್ದಿದ್ದ ಆ ಹಾಳೆ ನನ್ನ ಬಳಿ ಉಳಿದಿದೆ. ಸಾವಿನ ಸುದ್ದಿ ಯಾರಿಗೆಲ್ಲ ತಿಳಿಸಬೇಕು ಎಂಬ ಪಟ್ಟಿಯನ್ನು ಅದರ ಹಿಂಬದಿಯಲ್ಲಿ ಬರೆದುಕೊಂಡಿದ್ದೆ. ಮುದ್ರಣಾಲಯವೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನನ್ನ ಸೊಸೆ ಕಳೆದ ವಾರ ಅದನ್ನು ತಿರುಗಿಸಿ ನೋಡಿದಳು. ತಮ್ಮಲ್ಲಿರುವ ಆಪರೇಟಿಂಗ್ ಸಿಸ್ಟಂ ತಯಾರಿಸಿದವರು ಹೊರಡಿಸಿದ್ದ ಎಚ್ಚರಿಕೆಯನ್ನೂ ಹುಡುಕಿ ತಂದಳು. ಅದು ಇಂಗ್ಲಿಷಿನಲ್ಲಿತ್ತು. ನಾನೂ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನೇ. ಪೂರ್ತಿ ಅರ್ಥವಾದದ್ದು ‘ಇಮ್ಮೀಡಿಯೆಟ್ಲಿ’ ಎಂಬ ಒಂದು ಪದ. ತಮಗೆ ಅದೊಂದು ಬಿಟ್ಟು ಉಳಿದದ್ದೆಲ್ಲ ಅರ್ಥವಾಗಿರಬೇಕು.

“‘ಯೂಸ್ ಆಫ್ಟರ್ ಫ್ರೀ’ ಅಂದ್ರೇನಮ್ಮ? ಪುಕ್ಕಟೆ ಕೊಟ್ಟ ಮೇಲೆ ಬಳಸೋದಾ?” ಎಂದೆ.

“ಪುಕ್ಕಟೆ ಅಲ್ಲ ಮಾವ, ಖಾಲಿ. ಡಿಸ್ಕಿಗೆ ಬರೆಸೋಕೆ ಅಂತ ಒಂದು ಪ್ರೋಗ್ರಾಂ ಇರುತ್ತೆ, ಡ್ರೈವರ್ ಅಂತಾರೆ. ಬರೆಯೋದು ಮುಗಿಯೋವರೆಗೂ ಮಾಹಿತೀನ ಮೆಮೊರಿಯಲ್ಲಿ ಒಂದು ಜಾಗದಲ್ಲಿ ಇಟ್ಕೊಂಡಿರಬೇಕು. ಡಿಸ್ಕು ಅರ್ಧ ಬರೆದು ನಿಧಾನ ಆದ್ರೆ ಈ ಡ್ರೈವರ್ ಕೆಲಸ ಮುಗೀತು ಅಂದ್ಕೊಂಡು ಜಾಗ ಬಿಟ್ಟುಕೊಡುತ್ತೆ. ಅಲ್ಲಿಗೆ ಇನ್ನೊಬ್ಬರ ಮಾಹಿತಿ ಬಂದು ಕೂತ್ಕೊಳ್ಳುತ್ತೆ. ಡಿಸ್ಕು ಇನ್ನೂ ಅಲ್ಲಿಂದ್ಲೇ ಎತ್ತಿ ಬರೀತಾ ಇರುತ್ತೆ, ಅತ್ತೇದು ಅಂತ.”

“ಅಷ್ಟೂ ಬುದ್ಧಿ ಇಲ್ವಾ ಅದಕ್ಕೆ?”

“ನೀವು ಬರೆದಿದ್ರೆ ಇರ್ತಿತ್ತೇನೋ.”

ಚುಚ್ಚುಮಾತಲ್ಲ ಅದು. ಇಪ್ಪತ್ತೊಂಬತ್ತು ವರ್ಷ ನಾನು ಭೂದಾಖಲೆಗಳ ಕೋಣೆಯ ಪಾಲಕನಾಗಿದ್ದೆ. ಕಪಾಟಿನಿಂದ ಕಡತ ಹೊರಗೆ ಹೋದರೆ ಅದರ ಜಾಗದಲ್ಲಿ ಕೆಂಪು ರಟ್ಟೊಂದನ್ನು ನಿಲ್ಲಿಸುತ್ತಿದ್ದೆ. ಕಡತ ಮರಳಿ ಬರುವವರೆಗೆ, ಮಂತ್ರಿಗಳ ಕಡತವೇ ಬಂದರೂ ಆ ಜಾಗಕ್ಕೆ ಪ್ರವೇಶವಿಲ್ಲ. ಒಂದು ರಟ್ಟಿನಷ್ಟು ಜ್ಞಾನ. ತಯಾರಕರು ತಡವಾಗಿಯಾದರೂ ಅದನ್ನು ಕಲಿತು ತಿದ್ದುಪಡಿ ಕಳಿಸಿದ್ದರು. ಹಾಕಲು ಎರಡು ಗಂಟೆ ಯಂತ್ರ ನಿಲ್ಲಿಸಬೇಕಿತ್ತು. ನಿನ್ನೆ ಎದ್ದು ಹೊರಡುತ್ತ ಇದನ್ನು ಕೇಳಿದ್ದಕ್ಕೆ, ಆಸ್ಪತ್ರೆ ನಿಲ್ಲುವಂತಿಲ್ಲ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಎರಡು ಗಂಟೆ ಕಾಗದದ ಮೇಲೆ ಬರೆದುಕೊಳ್ಳಲು ಇಡೀ ಆಸ್ಪತ್ರೆಯಲ್ಲಿ ಪೆನ್ನಿರಲಿಲ್ಲವೇ? ಇಂದಿಗೂ ತಿದ್ದುಪಡಿ ಹಾಕಿಲ್ಲ. ಇಂದು ಹದಿನಾಲ್ಕನೇ ಹಾಸಿಗೆಯಲ್ಲಿ ಇನ್ಯಾರೋ ಮಲಗಿದ್ದಾರೆ.

ಇನ್ನು ನನ್ನ ವಿಷಯ. ಇಷ್ಟು ಹೊತ್ತು ಸುತ್ತಿ ಬಳಸಿದ್ದೇ ಇದನ್ನು ಬರೆಯಲಾಗದೆ. ಅಂದು ನನ್ನವಳು ಮಂಪರಿನಲ್ಲಿದ್ದಳು. ದಾದಿ ಇಂಜೆಕ್ಷನ್ ಹಿಡಿದು ಬಂದವಳು ನಿಂತಳು.

“ಅಂಕಲ್, ಅಮ್ಮಂಗೆ ಇದು ಒಗ್ಗಲ್ಲ ಅಂತ ನಿನ್ನೆ ಎಲ್ಲೋ ನೋಡಿದ ನೆನಪು. ಡಾಕ್ಟರನ್ನ ಕೇಳ್ಕೊಂಡು ಬರ್ಲಾ?”

“ಹಾಳೆಯಲ್ಲಿ ಏನಿದೆ?”

“ಒಗ್ಗದ್ದು ಯಾವುದೂ ಇಲ್ಲ ಅಂತಿದೆ.”

“ಮತ್ತೇನಮ್ಮ. ಬರೆದವರಿಗೆ ಗೊತ್ತಿರಲ್ವಾ? ಕೊಟ್ಬಿಡಿ, ಅವಳು ಮಲಗ್ಲಿ.”

ಹಿಂದೊಮ್ಮೆ ಇದೇ ಇಂಜೆಕ್ಷನ್ನಿಗೆ ಅವಳ ಮೈಯೆಲ್ಲ ದದ್ದೆದ್ದದ್ದು ನನಗೆ ನೆನಪಿತ್ತು. ಆದರೆ ದಾಖಲೆ ಬದಲಾಗಿದೆಯೆಂದರೆ ತಿಳಿದವರು ಯಾರೋ ಬದಲಿಸಿದ್ದಾರೆ ಎಂಬುದು ನನ್ನ ವೃತ್ತಿ ಕಲಿಸಿದ ನಂಬಿಕೆ. ಮೂವತ್ತೆಂಟು ವರ್ಷ ಜೊತೆಗಿದ್ದವಳು ಎದುರಿಗೇ ಮಲಗಿದ್ದಳು, ನಾನು ಹಾಳೆಯನ್ನು ನಂಬಿದೆ. ಆಮೇಲೆ ತಮ್ಮ ಸಮಿತಿ ಕೇಳಿತು, ದಾದಿ ನಿಮ್ಮನ್ನು ವಿಚಾರಿಸಿದ್ದಳೇ ಎಂದು. ಇಲ್ಲ ಎಂದೆ. ಸಹಿಯನ್ನೂ ಹಾಕಿದೆ. ಎದುರು ಕುರ್ಚಿಯಲ್ಲಿದ್ದ ಆಕೆ ನನ್ನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. ತಗ್ಗಿಸಬೇಕಾದ ತಲೆ ಅದಾಗಿರಲಿಲ್ಲ.

ಆದ್ದರಿಂದ ಸೋಮವಾರದ ಆದೇಶಕ್ಕೆ ಸಹಿ ಮಾಡಬೇಡಿ. ನನ್ನ ಹೇಳಿಕೆಯನ್ನು ಹೊಸದಾಗಿ ಪಡೆಯಿರಿ. ಸುಳ್ಳಿಗೆ ಏನು ಕ್ರಮವೋ ಅದನ್ನು ನನ್ನ ಮೇಲೆ ತೆಗೆದುಕೊಳ್ಳಿ. ಈ ಹಾಳೆಯನ್ನೂ ಆ ಎಚ್ಚರಿಕೆಯನ್ನೂ ಸಮಿತಿಯ ಮುಂದಿಡಿ. ಯಂತ್ರಗಳನ್ನು ಇವತ್ತೇ ಎರಡು ಗಂಟೆ ನಿಲ್ಲಿಸಿ. ಪೆನ್ನು ನಾನು ತಂದುಕೊಡುತ್ತೇನೆ.

ತಮ್ಮ ಸಮಿತಿಯ ವರದಿಯ ಬಗ್ಗೆ ಇನ್ನೂ ಬರೆಯುವುದಿತ್ತು, ಆದರೆ ಕಿಟಕಿಯಲ್ಲಿ ಬೆಳಕು ಇಳಿಯುತ್ತಿದೆ, ಸಾಲುಗಳು ಓರೆಯಾಗುತ್ತಿವೆ. ಪತ್ರಿಕೆಗೆ ಕೊಡುವ ಮುಂಚೆ ಇದನ್ನು ಆ ದಾದಿಯ ಮನೆಗೆ ಹೋಗಿ ಓದಿ ಹೇಳಬೇಕು. ಬಾಗಿಲು ತೆಗೆಯುತ್ತಾಳೋ ಇಲ್ಲವೋ. ತೆಗೆಯದಿದ್ದರೆ ಹೊರಗೆ ನಿಂತೇ ಓದಬೇಕಾಗುತ್ತದೆ. ಅಕ್ಷರ ಕಾಣುವಾಗಲೇ ಹೊರಡುತ್ತೇನೆ.

ಇಂತಿ,
ತಮ್ಮ ವಿಚಾರಣೆಯಲ್ಲಿ ಸುಳ್ಳು ಹೇಳಿ ನಂಬಿಕೆ ಗಳಿಸಿದ
ಎರಡನೇ ಸಾಕ್ಷಿ