ಸಾಲಿನ ಕೆಳಗಿನ ಬೆರಳು

ದಟ್ಟಗಳ್ಳಿ, ಮೈಸೂರು
14 ಜುಲೈ 2024

ಗೆಳೆಯ ಮಹದೇವು,

ಸೈಡ್ ವಿಂಗಿನಲ್ಲಿ ಕೂತು ಇಡೀ ನಾಟಕ ಕಂಪನಿಗೆ ಮಾತು ಎತ್ತಿಕೊಟ್ಟ ಮಹಾನುಭಾವನಿಗೆ ಈ ಶಾಮಣ್ಣನ ಸಾಷ್ಟಾಂಗ. ಯುಗಾದಿಗೆ ಬಂದ ನಿನ್ನ ಕಾಗದಕ್ಕೆ ಆಷಾಢದಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಪೂರ್ತಿ ಓದಿ ಬೈದುಕೋ.

ನನ್ನ ಮೊಮ್ಮಗಳು, ನಮ್ಮ ಸುನಿಲನ ಮಗಳು ವರ್ಷಿಣಿ ಈಗ ಮೂರನೇ ಕ್ಲಾಸು. ಕಥೆ ಹೇಳು ಎಂದರೆ ರಾಜನಿಗೊಂದು, ರಾಕ್ಷಸನಿಗೊಂದು ಗಂಟಲು ತೆಗೆಯುತ್ತಾಳೆ. ಪುಸ್ತಕ ಕೊಟ್ಟರೆ ಮಾತ್ರ ಒಂದು ಸಾಲು ಓದಿ, ಮುಂದಿನದನ್ನು ಬಿಟ್ಟು, ಅದರಾಚೆಗೆ ಹಾರುತ್ತಾಳೆ, ಯುದ್ಧಕ್ಕೇ ಹೋಗದೆ ವಿಜಯೋತ್ಸವಕ್ಕೆ ಬಂದ ರಾಜನ ಹಾಗೆ. ಸಾಲಿನ ಕೆಳಗೆ ಬೆರಳಿಟ್ಟರೆ ಸಲೀಸು.

ಕಣ್ಣಿನ ಡಾಕ್ಟರಮ್ಮನಿಗೆ ತೋರಿಸಿದೆವು. ದೃಷ್ಟಿ ಚೆನ್ನಾಗಿದೆ, ಕನ್ನಡಕ ಬೇಡ. ಸಾಲು ಮುಗಿದಾಗ ಮುಂದಿನ ಸಾಲಿನ ಆರಂಭ ಹಿಡಿಯುವುದನ್ನು ಕಣ್ಣು ಇನ್ನೂ ಕಲಿತಿಲ್ಲ, ಅಭ್ಯಾಸ ಮಾಡಿಸೋಣ, ಅಲ್ಲಿಯವರೆಗೆ ಬೆರಳಿಟ್ಟೇ ಓದಲಿ ಎಂದರು.

ಈಗ ಖಳಪಾತ್ರದ ಪ್ರವೇಶ: ಅವಳ ಟೀಚರು. ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದ ಮುಖ. ಆ ಶಾಲೆಯಲ್ಲಿ ವೇಗದ ಓದಿಗೆ ಪದಕವಂತೆ, ಬೆರಳಿಟ್ಟು ಓದುವುದು ಗಮಾರತನವಂತೆ. ಡಾಕ್ಟರ ಮಾತು ಹೇಳಿದರೆ, ಸೋಮಾರಿತನಕ್ಕೆ ಈಗ ಔಷಧಿ ಚೀಟಿಯೂ ಸಿಗುತ್ತದೆಯೇ ಎಂದಳು. ಪೋಷಕರ ದಿನ ನಮ್ಮೆಲ್ಲರ ಮುಂದೆ ವರ್ಷಿಣಿಯನ್ನು ವೇದಿಕೆಗೆ ಹತ್ತಿಸಿದಳು. ಮಗು ಬೆರಳಿಟ್ಟಿತು. ಈ ಮಹಾರಾಣಿ ಎಲೆ ಮೇಲಿನ ನೊಣ ಓಡಿಸುವಂತೆ ಆ ಬೆರಳನ್ನು ಸ್ಕೇಲಿನ ತುದಿಯಿಂದ ತಳ್ಳಿದಳು.

"ಕಣ್ಣಲ್ಲಿ ಓದಮ್ಮ. ಬೆರಳಿಗೇನು ಕಣ್ಣಿದ್ಯಾ?"

ಮಗು ಸಾಲು ಬಿಟ್ಟು ಹಾರಿತು. ಸಭೆ ನಕ್ಕಿತು.

ಥೂ! ಜನ್ಮವಿಡೀ ಬಣ್ಣ ಹಚ್ಚಿ ಖಳರೊಡನೆ ಕತ್ತಿ ತಿರುಗಿಸಿದವನು ನಾನು. ಇಷ್ಟು ಅಗ್ಗದ ಖಳರನ್ನು ಕಂಡಿರಲಿಲ್ಲ. ನಮ್ಮ ಖಳರು ಕನಿಷ್ಠ ತಮ್ಮ ಎತ್ತರದ ನಾಯಕನನ್ನು ಹುಡುಕಿಕೊಳ್ಳುತ್ತಿದ್ದರು.

ಸಂಜೆ ಪುಸ್ತಕ ತೆಗೆದರೆ ಮಗು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು. "ಬೇಡ ತಾತ, ನನ್ ಬೆರಳು ದಡ್ಡ ಬೆರಳು."

ಅಂದಿನಿಂದ ಒಂದಕ್ಷರ ಓದಿಲ್ಲ. ಅದಕ್ಕೇ ಬಾ ಮಹದೇವು, ಮಂಡಿನೋವಿದ್ದರೂ ಬಸ್ಸು ಹತ್ತು. ಸೈಡ್ ವಿಂಗಿನ ಆ ಮಂದ ದೀಪದಲ್ಲಿ ನೀನು ಬೆರಳಿಟ್ಟೇ ಓದುತ್ತಿದ್ದೆ, ಒಂದು ಸಾಲೂ ತಪ್ಪಲಿಲ್ಲ. ಆ ಬೆರಳನ್ನು ಇವಳೊಮ್ಮೆ ನೋಡಲಿ.

ನಿನ್ನ ಮನೆಯಲ್ಲಿ ಮೋಹನನಿಗೂ ಗಗನಳಿಗೂ ನನ್ನ ಆಶೀರ್ವಾದ. ನಿಮ್ಮೆಲ್ಲರ ಕಣ್ಣು ತಂಪಾಗಿರಲಿ.

ನಿನ್ನ
ಶಾಮಣ್ಣ

ಮತ್ತೆ: ಟೀಚರ ಹೆಸರು ಬರೆಯಲು ಕೈ ಬರಲಿಲ್ಲ. ನಮ್ಮ ಕಮಲ ಕಣೋ. ನನ್ನ ಮಗಳು, ಆ ಮಗುವಿನ ಸೋದರತ್ತೆ. ನಾನು ರಂಗದ ಮೇಲೆ ಅಬ್ಬರಿಸುತ್ತಿದ್ದಾಗ ನಿನ್ನ ತೊಡೆ ಮೇಲೆ ಕೂತು, ನಿನ್ನ ಬೆರಳಿನ ಹಿಂದೆ ತನ್ನ ಬೆರಳು ಓಡಿಸುತ್ತ ಅಕ್ಷರ ಕಲಿತವಳು.