ಮಧ್ಯದ ಕುರ್ಚಿ

ಮಹಡಿ ಮನೆ,
ಮಾರ್ಚ್ ೧೪, ಬೆಳಗಿನ ಹೊತ್ತು

ಪ್ರೀತಿಯ ತಂಗೀ,

ನಿನ್ನ ಬಲಗೈ ಮಣಿಕಟ್ಟಿನ ನೋವು ಈಗ ಹೇಗಿದೆ? ದಿನವಿಡೀ ಇಸ್ತ್ರಿ ಮೇಜಿನ ಮುಂದೆ ನಿಲ್ಲುವವಳಿಗೆ ವಿಶ್ರಾಂತಿ ತೆಗೆದುಕೋ ಎಂದು ದೂರದಿಂದ ಬರೆಯುವುದು ಸುಲಭವೆಂದು ಬಲ್ಲೆ. ಆದರೂ ಅಣ್ಣನಾದವನು ಬರೆಯದೆ ಇರಲಾರ. ಲಾಂಡ್ರಿಯವರು ಹೊಸ ಯಂತ್ರ ತರಿಸುತ್ತೇವೆ ಎಂದಿದ್ದರಲ್ಲ, ತರಿಸಿದರೇ? ಇಲ್ಲಿ ನಾವು ಕ್ಷೇಮ. ನಿನ್ನ ಅತ್ತಿಗೆಯ ಕೆಮ್ಮು ಹೋಗಿದೆ, ಗದರುವ ಶಕ್ತಿ ಪೂರ್ತಿಯಾಗಿ ಮರಳಿದೆ.

ಇನ್ನು ಸುದ್ದಿ. ನಿನ್ನ ಮಗಳು, ನಮ್ಮ ಚೂಟಿ, ದುಭಾಷಿ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ತೇರ್ಗಡೆಯಾದಳು ಎಂದರೆ ಸಾಲದು, ಇಂಗ್ಲಿಷ್–ಚೀನೀ ವಿಭಾಗದಲ್ಲಿ ಈ ಸಲ ಅವಳದೇ ಮೊದಲ ಸ್ಥಾನ. ದೊಡ್ಡಾಸ್ಪತ್ರೆಯವರು ಕೆಲಸಕ್ಕೂ ಕರೆದಿದ್ದಾರೆ. ಕಳೆದ ಸಲ ಅವಳು ಸೋತು ಬಂದಾಗ ಪರೀಕ್ಷಕರು ಬರೆದಿದ್ದ ಷರಾ ನಿನಗೆ ನೆನಪಿರಬಹುದು: ಭಾಷೆ ಉತ್ತಮ, ಮೂಲನಿಷ್ಠೆ ಸಾಲದು. ಆ ಕೊನೆಯ ಎರಡು ಪದಗಳು ಅವಳನ್ನು ಎಷ್ಟು ದಿನ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂರಿಸಿದವೋ ನಾನು ಕಂಡಿದ್ದೇನೆ. ಇನ್ನೊಂದೇ ಅವಕಾಶವಿತ್ತು. ಅದೂ ತಪ್ಪಿದ್ದರೆ ಈ ವೃತ್ತಿಯ ಬಾಗಿಲು ಅವಳ ಪಾಲಿಗೆ ಮುಚ್ಚಿದಂತೆಯೇ.

ಅಭ್ಯಾಸ ನಡೆಯುತ್ತಿದ್ದುದು ನಮ್ಮ ಊಟದ ಮೇಜಿನ ಸುತ್ತ. ಒಂದು ಬದಿಗೆ ನಿನ್ನ ಅತ್ತಿಗೆ, ಇಂಗ್ಲಿಷ್ ಮಾತನಾಡುವವಳಾಗಿ. ಎದುರಿಗೆ ಕೆಳಮನೆಯ ಗಡಿಯಾರದಜ್ಜಿ, ಚೀನೀ ಮಾತನಾಡುವವರಾಗಿ. ನಡುವಿನ ಕುರ್ಚಿಯಲ್ಲಿ, ನನ್ನ ಬಳಿಯೇ ಚೀನೀ ಕಲಿತ ಚೂಟಿ. ಈ ಅಜ್ಜಿ ಚೀನಾದಿಂದ ನಮ್ಮಂತೆಯೇ ಈ ಇಂಗ್ಲಿಷ್ ನಾಡಿಗೆ ಬಂದು ಕೈಗಡಿಯಾರ ರಿಪೇರಿ ಮಾಡುತ್ತ ಆಯುಷ್ಯ ಕಳೆದವರು, ಚೀನೀ ಬಿಟ್ಟರೆ ಬೇರೆ ಮಾತು ಬಾರದು. ನಿನ್ನ ಅತ್ತಿಗೆಗೆ ಚೀನೀ ಒಂದಕ್ಷರವೂ ತಿಳಿಯದು. ಆದ್ದರಿಂದ ಇಬ್ಬರಿಗೂ ಚೂಟಿಯೇ ಗತಿ. ವಿಷಯಗಳೆಲ್ಲ ಇಂದಿನವೇ: ಯಾರದೋ ಬಾಗಿಲಲ್ಲಿ ಇಟ್ಟುಹೋದ ಪಾರ್ಸೆಲ್ಲು, ಶಾಲೆಯಲ್ಲಿ ಮಕ್ಕಳ ಕೈಯಿಂದ ಕಿತ್ತುಕೊಂಡ ಮೊಬೈಲು, ಮೊಬೈಲಿನಲ್ಲೇ ಪಡೆಯಬೇಕಾದ ಡಾಕ್ಟರ ಅಪಾಯಿಂಟ್‌ಮೆಂಟು. ಮೂವತ್ತು ವರ್ಷ ಇದೇ ಎರಡು ಭಾಷೆಗಳ ದುಭಾಷಿಯಾಗಿ ದುಡಿದ ನಾನು ಮೂಲೆಯಲ್ಲಿ ಕುಳಿತು ಕೇಳುವವನು.

ಮೊದಲ ವಾರದ ಒಂದು ಸಂಜೆಯನ್ನು ನಿನಗೆ ಹೇಳಲೇಬೇಕು. ಅತ್ತಿಗೆ ಮನೆಯೊಡತಿ, ಅಜ್ಜಿ ಬಾಡಿಗೆಯವರು. ನಿನ್ನ ಅತ್ತಿಗೆಗೆ ಇಂಥ ಪಾತ್ರವೆಂದರೆ ಹಬ್ಬ. ಮೇಜು ಗುದ್ದಿ, ‘ನಿಮಗೆ ಹೇಳಿ ಹೇಳಿ ನನ್ನ ಗಂಟಲು ಒಣಗ್ತು, ತಿಂಗಳ ಕೊನೆಗೆ ಮನೆ ಖಾಲಿ ಮಾಡಿ, ನಿಮ್ಮ ಮುಖ ನೋಡೋಕೂ ನನಗೆ ಇಷ್ಟ ಇಲ್ಲ’ ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಅಬ್ಬರಿಸಿದಳು. ನಮ್ಮ ಚೂಟಿ ಮೆಲ್ಲಗೆ ಅಜ್ಜಿಯ ಕಡೆ ತಿರುಗಿ, ನಿಮಗೆ ಇದಕ್ಕಿಂತ ಅನುಕೂಲದ ಮನೆ ಸಿಕ್ಕರೆ ಒಡತಿಗೆ ಸಂತೋಷವಾಗುತ್ತದಂತೆ ಎಂದು ಚೀನೀಯಲ್ಲಿ ಹೇಳಿದಳು. ಅಜ್ಜಿ ನಸುನಕ್ಕು ಒಡತಿಗೆ ಧನ್ಯವಾದ ಹೇಳಿದರು. ಅತ್ತಿಗೆ ನನ್ನ ಮುಖ ನೋಡಿ, ‘ಏನ್ರೀ, ಬೈದ್ರೆ ನಗ್ತಾರಲ್ಲ ಇವ್ರು’ ಎಂದಳು. ನಾನು ನಕ್ಕೆ; ಚೂಟಿ ಮಾತ್ರ ನಗಲಿಲ್ಲ.

ತಂಗೀ, ನೋಯಬೇಡ, ಈ ಗುಣ ಅವಳಿಗೆ ಎಲ್ಲಿಂದ ಬಂತೆಂದು ನಮಗಿಬ್ಬರಿಗೂ ಗೊತ್ತು. ನೀನೂ ನಿನ್ನ ಯಜಮಾನರೂ ಮಾತು ಬಿಟ್ಟ ದಿನಗಳಲ್ಲಿ ಆ ಮಗುವೇ ಅಲ್ಲವೆ ಎರಡು ಕೋಣೆಗಳ ನಡುವೆ ಓಡಾಡುತ್ತಿದ್ದುದು? ‘ನಂಗೆ ಊಟಾನೂ ಬೇಡ, ಏನೂ ಬೇಡ’ ಎಂದು ಅವರು ಹೇಳಿದರೆ, ಅಡುಗೆಮನೆಗೆ ಬರುವಷ್ಟರಲ್ಲಿ ಅದು ‘ಅಪ್ಪ ಆಮೇಲೆ ಬರ್ತಾರಂತಮ್ಮ’ ಎಂದಾಗಿರುತ್ತಿತ್ತು. ಕಹಿಯನ್ನು ದಾರಿಯಲ್ಲೇ ಚೆಲ್ಲಿ ಬರುವುದನ್ನು ಅವಳು ಅಕ್ಷರ ಕಲಿಯುವ ಮೊದಲೇ ಕಲಿತಳು. ಅದನ್ನು ತಪ್ಪೆಂದು ಹೇಗೆ ತಿದ್ದಲಿ? ನಾನು ತಿಳಿಸಿ ಹೇಳಿದೆ, ಅತ್ತಿಗೆ ಗದರಿ ಹೇಳಿದಳು. ‘ಮಾವ, ಗೊತ್ತು, ಆದ್ರೆ ಬಾಯಿಗೆ ಬರೋ ಹೊತ್ತಿಗೆ ತಾನಾಗೇ ಮೆತ್ತಗಾಗತ್ತೆ’ ಎನ್ನುತ್ತಿದ್ದಳು.

ನಮ್ಮಿಬ್ಬರ ಪಾಠದಿಂದ ಆಗದ್ದು ಅಜ್ಜಿಯಿಂದ ಆಯಿತು. ಒಂದು ಸಂಜೆ ಆಸ್ಪತ್ರೆಯ ಸಂಭಾಷಣೆ ನಡೆದಿತ್ತು. ಡಾಕ್ಟರಾಗಿದ್ದ ಅತ್ತಿಗೆ ಯಾವುದೋ ಕೆಟ್ಟ ರಿಪೋರ್ಟನ್ನು ಓದಿದಳು, ಚೂಟಿ ಎಂದಿನಂತೆ ಅದಕ್ಕೆ ಬೆಣ್ಣೆ ಸವರಿದಳು. ಅಜ್ಜಿ ಪಾತ್ರ ಬಿಟ್ಟು ತಮ್ಮದೇ ಮಾತಾಡತೊಡಗಿದರು. ಅವರ ಗಂಡನ ಕಾಯಿಲೆಯ ಕಾಲದಲ್ಲಿ ಒಬ್ಬ ಹುಡುಗ ದುಭಾಷಿಯಾಗಿ ಬಂದಿದ್ದನಂತೆ. ಇನ್ನು ಕೆಲವೇ ದಿನ ಎಂದು ಡಾಕ್ಟರು ಹೇಳಿದ್ದನ್ನು ಅವನು, ವಿಶ್ರಾಂತಿ ತೆಗೆದುಕೊಂಡರೆ ಒಳ್ಳೆಯದು ಎಂದಷ್ಟೇ ದಾಟಿಸಿದ. ಅಜ್ಜಿ ನಿರಾಳವಾಗಿ ಹೋಗಿ ಅಂಗಡಿಯ ಬಾಗಿಲು ತೆರೆದು ಗಡಿಯಾರ ಬಿಚ್ಚುತ್ತ ಕುಳಿತರು. ಗಂಡ ಹೋದಾಗಲೂ ಅಲ್ಲೇ ಇದ್ದರು. ಅಜ್ಜಿ ಹೇಳಿದರು: ಹುಡುಗ ಒಳ್ಳೆಯವನೇ, ನನ್ನ ಮೇಲಿನ ಕನಿಕರಕ್ಕೇ ಹಾಗೆ ಹೇಳಿದ. ಆದರೆ ಆ ದಿನಗಳು ನನ್ನವಾಗಿದ್ದವು, ಅವನ್ನು ಅವನು ತೆಗೆದುಕೊಂಡುಬಿಟ್ಟ.

ಅತ್ತಿಗೆ ಏನೂ ತಿಳಿಯದೆ, ‘ಏನೇ ಅದು, ಏನಂತಾರೆ?’ ಎಂದು ಕೇಳಿದಳು. ನಾನು ಬಾಯಿ ತೆರೆಯಲಿದ್ದೆ. ಚೂಟಿ ಕೈಯೆತ್ತಿ ನನ್ನನ್ನು ತಡೆದಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ, ಅಜ್ಜಿ ತಡೆದಲ್ಲಿ ತಡೆದು, ಒಂದನ್ನೂ ಬಿಡದೆ, ಒಂದನ್ನೂ ಸೇರಿಸದೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು. ಅವಳ ಕಣ್ಣು ತುಂಬಿತ್ತು, ಧ್ವನಿ ಅಲುಗಲಿಲ್ಲ. ಅತ್ತಿಗೆ ಎದ್ದು ಹೋಗಿ ಅಜ್ಜಿಯ ಪಕ್ಕದಲ್ಲಿ ಕುಳಿತಳು. ಆಮೇಲೆ ಆ ಇಬ್ಬರಿಗೆ ಬಹಳ ಹೊತ್ತು ದುಭಾಷಿ ಬೇಕಾಗಲಿಲ್ಲ.

ಪರೀಕ್ಷೆಯಲ್ಲಿ ಬಂದದ್ದು ಬಾಡಿಗೆಯ ಜಗಳವೇ. ಮನೆಯ ಕಾರಿಡಾರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡಬೇಡವೆಂದ ಒಡೆಯನಿಗೆ ಬಾಡಿಗೆಯವನು, ‘ನಿನ್ನ ಕಣ್ಣಿಗೆ ನಮ್ಮ ಸ್ಕೂಟರ್ ಕಾಣತ್ತೆ, ಬೂಷ್ಟು ಹಿಡಿದ ಗೋಡೆ ಕಾಣಲ್ಲ, ಅದೇನು ಕಣ್ಣೋ ಗುಂಡಿಯೋ’ ಎಂಬರ್ಥ ಬರುವಂತೆ ಚೀನೀಯಲ್ಲಿ ಹೇಳಿದನಂತೆ. ಚೂಟಿ ಅದನ್ನು ಗುಂಡಿಯ ಸಮೇತ ಇಂಗ್ಲಿಷಿಗೆ ದಾಟಿಸಿದಳು. ಒಡೆಯನ ಪಾತ್ರದಲ್ಲಿದ್ದ ಪರೀಕ್ಷಕರ ಕಿವಿ ನಿಜವಾಗಿಯೂ ಕೆಂಪಾಯಿತಂತೆ. ಮನೆಗೆ ಬಂದವಳೇ ಬ್ಯಾಗು ಎಸೆದು, ‘ಮಾವ, ಬೈದ್ಬಿಟ್ಟೆ, ಚೆನ್ನಾಗಿ ಬೈದ್ಬಿಟ್ಟೆ’ ಎಂದು ತನ್ನ ಅತ್ತೆಯನ್ನು ಹಿಡಿದು ಒಂದು ಸುತ್ತು ಸುತ್ತಿಸಿದಳು. ಈ ಕೆಲಸದಲ್ಲಿ ನಾನು ಎಷ್ಟೋ ಮಕ್ಕಳನ್ನು ತಯಾರು ಮಾಡಿದ್ದೇನೆ. ಇಷ್ಟು ದೂರ ನಡೆದು ಬಂದವರನ್ನು ಕಂಡಿಲ್ಲ. ನೀನು ಹೆತ್ತದ್ದು ಸಾರ್ಥಕ.

ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ನಿಲ್ಲು. ಅತ್ತಿಗೆ ನಿನ್ನನ್ನು ಬಹಳ ನೆನೆದಿದ್ದಾಳೆ. ನಿನ್ನ ದಿನಗಳು ಹಗುರವಾಗಿರಲಿ ಎಂದು ಹಾರೈಸುವ,

ನಿನ್ನ ಅಣ್ಣ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಉಳಿಸಿಕೊಂಡದ್ದು. ಪಾಸಾದರೂ ಆಗದಿದ್ದರೂ ಬಂದು ಲಾಂಡ್ರಿಯ ಕಚೇರಿ ಸೇರು ಎಂದು ನೀನು ಫೋನಿನಲ್ಲಿ ಹೇಳಿದಾಗ ಅವಳು ‘ಆಯ್ತಮ್ಮ, ಬರ್ತೀನಿ’ ಎಂದಳಲ್ಲ, ಅದು ಹಳೆಯ ಅಭ್ಯಾಸದ ಉತ್ತರ. ಈಗ ನನ್ನ ಬೆನ್ನ ಹಿಂದೆ ನಿಂತು ಸರಿಯಾದದ್ದನ್ನು ಬರೆಸುತ್ತಿದ್ದಾಳೆ: ‘ಅಮ್ಮಾ, ನಾನು ಬರೋದಿಲ್ಲ. ಸೋಮವಾರದಿಂದ ಆಸ್ಪತ್ರೆ ಕೆಲಸಕ್ಕೆ ಸೇರ್ತೀನಿ.’ ಕೊನೆಗೆ ‘ಸದ್ಯಕ್ಕೆ ಮಾತ್ರ’ ಎಂದು ನಾನು ಸೇರಿಸಿದೆ. ‘ಮಾವ, ಅದನ್ನ ಹೊಡೆದುಹಾಕಿ, ನಾನು ಹಾಗಂದಿಲ್ಲ’ ಎಂದಳು. ಹೊಡೆದುಹಾಕಿದ್ದೇನೆ.